ಫ್ರೀಜರ್‌ನಲ್ಲಿ ಐಸ್ ಕಟ್ತಿದೆ, ಕೆಳಗಡೆ ಹಾಲು ಒಡೀತಿದೆ: ಗ್ಯಾಸ್ ತುಂಬಿಸೋಕೆ ಮುಂಚೆ ಇದನ್ನ ನೋಡಿ

ಪ್ರಶ್ನೆ: ಸರ್, ನಮ್ದು ಸಾಗರದ ಹತ್ರ ಹಳ್ಳಿ. ಏಳು ವರ್ಷದ ಹಿಂದೆ ತಗೊಂಡ 260 ಲೀಟರ್ ಡಬಲ್ ಡೋರ್ ಫ್ರಾಸ್ಟ್ ಫ್ರೀ ಫ್ರಿಜ್ ಇದೆ. ಮೇಲೆ ಫ್ರೀಜರ್‌ನಲ್ಲಿ ಐಸ್ ಚೆನ್ನಾಗೇ ಆಗುತ್ತೆ, ಐಸ್‌ಕ್ರೀಮ್ ಕಲ್ಲಿನ ಹಾಗಿರುತ್ತೆ, ಆದ್ರೆ ಕೆಳಗಡೆ ತಂಪೇ ಇಲ್ಲ. ರಾತ್ರಿ ಇಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಕ್ಕಿ ಚೆಲ್ಲಿರುತ್ತೆ, ಹಾಲು ಒಡೆಯುತ್ತೆ. ಒಬ್ರು ಮೆಕ್ಯಾನಿಕ್ ಗ್ಯಾಸ್ ಕಮ್ಮಿ ಆಗಿದೆ ಅಂತ ಫ್ರಿಜ್ ಅಂಗಡಿಗೆ ತಗೊಂಡೋಗಿ ಎರಡು ದಿನ ಇಟ್ಕೊಂಡು ತಂದ್ಕೊಟ್ರು, 2800 ರೂಪಾಯಿ ಆಯ್ತು. ಒಂಬತ್ತು ದಿನ ಸರಿ ಇತ್ತು, ಮತ್ತೆ ಹಾಗೇ. ಆಮೇಲೆ ಮಳೆಗೆ ಮರ ಬಿದ್ದು ಒಂದೂವರೆ ದಿನ ಕರೆಂಟ್ ಇರ್ಲಿಲ್ಲ, ಕರೆಂಟ್ ಬಂದ್ಮೇಲೆ ಒಂದು ವಾರ ತಾನಾಗೇ ಸರಿ ಇತ್ತು, ಈಗ ಮತ್ತೆ ಕೆಟ್ಟಿದೆ. ಇನ್ನೊಬ್ರು ಬಂದು ಕಂಪ್ರೆಸರ್ ಹೋಗಿದೆ, ಹಾಕ್ಸಿ ಇಲ್ಲಾ ಹೊಸ ಫ್ರಿಜ್ ತಗೊಳ್ಳಿ ಅಂತಿದ್ದಾರೆ. ನಮ್ಮತ್ತೆಯವರ ಇನ್ಸುಲಿನ್ ಕೂಡ ಇದ್ರಲ್ಲೇ ಇಡೋದು. ಏನ್ಮಾಡ್ಲಿ?

ಉತ್ತರ: ಅಕ್ಕಾ, ಫ್ರಿಜ್ ವಿಷಯ ಆಮೇಲೆ ಮಾತಾಡೋಣ, ಮೊದಲು ಇನ್ಸುಲಿನ್. ಓಪನ್ ಮಾಡದೇ ಇರೋ ಇನ್ಸುಲಿನ್ 2ರಿಂದ 8 ಡಿಗ್ರಿ ಒಳಗೇ ಇರ್ಬೇಕು. ಕೆಳಗಡೆ ತಂಪಿಲ್ಲ ಅಂತ ದಯವಿಟ್ಟು ಅದನ್ನ ಮೇಲೆ ಫ್ರೀಜರ್‌ಗೆ ಹಾಕ್ಬೇಡಿ, ಒಂದ್ಸಲ ಗಟ್ಟಿಯಾದ ಇನ್ಸುಲಿನ್ ಕರಗಿದ್ಮೇಲೂ ಕೆಲ್ಸಕ್ಕೆ ಬರಲ್ಲ, ನೋಡೋಕೆ ಮೊದಲಿನ ಹಾಗೇ ಕಾಣ್ಬಹುದು ಆದ್ರೆ ಶಕ್ತಿ ಹೋಗಿರುತ್ತೆ. ಇವತ್ತೇ ಪಕ್ಕದ ಮನೆ ಫ್ರಿಜ್‌ನಲ್ಲಿ ಒಂದು ಡಬ್ಬಿ ಒಳಗೆ ಹಾಕಿ ಇಡಿ, ಇಷ್ಟು ದಿನ ಬಿಸಿ ಫ್ರಿಜ್‌ನಲ್ಲಿ ಇದ್ದ ಬಾಟಲಿ ಮುಂದೆ ಬಳಸಬಹುದಾ ಅಂತ ಡಾಕ್ಟ್ರನ್ನ ಕೇಳಿ, ಅದನ್ನ ನಾನು ಹೇಳೋ ಹಾಗಿಲ್ಲ. ಫ್ರಿಜ್ ರಿಪೇರಿ ಆದ್ಮೇಲೂ ಒಂದೆರಡು ದಿನ ಥರ್ಮಾಮೀಟರ್ ಇಟ್ಟು ನೋಡಿ ಆಮೇಲೆ ಅಲ್ಲಿಗೆ ತನ್ನಿ.

ಈಗ ಫ್ರಿಜ್. ನಿಮ್ಮ ಕಂಪ್ರೆಸರ್ ಹೋಗಿಲ್ಲ. ನೋಡದೇ ಹೇಗೆ ಹೇಳ್ತೀರ ಅನ್ಬಹುದು, ಆದ್ರೆ ಐಸ್‌ಕ್ರೀಮ್ ಕಲ್ಲಿನ ಹಾಗಿದೆ ಅಂತ ನೀವೇ ಬರ್ದಿದೀರಲ್ಲ. ಫ್ರೀಜರ್ ಮೈನಸ್ 18 ಡಿಗ್ರಿ ಹತ್ರ ಹೋದ್ರೇನೇ ಐಸ್‌ಕ್ರೀಮ್ ಹಾಗೆ ಗಟ್ಟಿ ಆಗೋದು, ಕಂಪ್ರೆಸರ್ ಸತ್ತಿದ್ರೆ, ಗ್ಯಾಸ್ ಖಾಲಿ ಆಗಿದ್ರೆ ಆ ತಂಪು ಬರೋದೇ ಇಲ್ಲ. ತಂಪು ಹುಟ್ತಾ ಇದೆ, ಹುಟ್ಟಿದ ತಂಪು ಕೆಳಗೆ ಇಳೀತಾ ಇಲ್ಲ, ಅಷ್ಟೇ ನಿಮ್ಮ ತೊಂದ್ರೆ. ಈ ಕೆಲ್ಸ ಮಾಡ್ತಾ ನನಗೆ 24 ವರ್ಷ ಆಯ್ತು, ಈ ಒಂದೇ ವಿಷಯ ಗೊತ್ತಿಲ್ಲದೇ ಎಷ್ಟು ಮನೆಯವರು ಎಷ್ಟು ದುಡ್ಡು ಕಳ್ಕೊಂಡಿದಾರೆ ಅಂತ ನೋಡಿ ನೋಡಿ ಬೇಜಾರಾಗಿದೆ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಪೂರ್ತಿ ಓದಿ.

ಫ್ರಾಸ್ಟ್ ಫ್ರೀ ಡಬಲ್ ಡೋರ್ ಫ್ರಿಜ್ ಒಳಗೆ ಸಾಮಾನ್ಯವಾಗಿ ಕೂಲಿಂಗ್ ಕಾಯಿಲ್ ಒಂದೇ ಇರೋದು. ಅದು ಫ್ರೀಜರ್‌ನ ಹಿಂದಿನ ಬಿಳಿ ಪ್ಲಾಸ್ಟಿಕ್ ಪ್ಯಾನಲ್ ಇದ್ಯಲ್ಲ, ಅದರ ಹಿಂದೆ ಅಡಗಿರುತ್ತೆ. ಕೆಳಗಡೆ ತರಕಾರಿ ಹಾಲು ಇಡೋ ಕಡೆ ಕಾಯಿಲ್ಲೇ ಇಲ್ಲ. ಕಾಯಿಲ್ ಮೇಲ್ಗಡೆ ಒಂದು ಚಿಕ್ಕ ಫ್ಯಾನ್ ಇರುತ್ತೆ, ಅದು ತಣ್ಣನೆ ಗಾಳಿನ ಎಳೆದು ಹೆಚ್ಚಿನ ಪಾಲು ಫ್ರೀಜರ್‌ಗೆ ಊದುತ್ತೆ, ಸ್ವಲ್ಪ ಪಾಲನ್ನ ಹಿಂದಿನ ಥರ್ಮಾಕೋಲ್ ಕೊಳವೆ ಮೂಲಕ ಕೆಳಗೆ ಕಳಿಸುತ್ತೆ. ಆ ಗಾಳಿ ಕೆಳಗೆಲ್ಲ ಸುತ್ತಾಡಿ, ಸಾರು ಸೊಪ್ಪಿನ ತೇವ ಎಲ್ಲ ಹೀರ್ಕೊಂಡು ವಾಪಸ್ ಮೇಲೆ ಹೋಗಿ ಕಾಯಿಲ್‌ನ ಬುಡಕ್ಕೆ ಸೇರುತ್ತೆ. ಅಲ್ಲಿ ಆ ತೇವ ಎಲ್ಲ ಕಾಯಿಲ್ ಮೇಲೆ ಐಸ್ ಆಗಿ ಕೂರುತ್ತೆ. ಹೆಸರಿಗೆ ಫ್ರಾಸ್ಟ್ ಫ್ರೀ, ಐಸ್ ಕಟ್ಟೋದು ಕಟ್ಟೇ ಕಟ್ಟುತ್ತೆ, ನಮ್ಮ ಕಣ್ಣಿಗೆ ಬೀಳದ ಹಾಗೆ ಪ್ಯಾನಲ್ ಹಿಂದೆ ಕಟ್ಟುತ್ತೆ ಅಷ್ಟೇ.

ಆ ಐಸ್ ಕರಗಿಸೋಕೆ ಕಾಯಿಲ್ ಕೆಳಗೆ ಒಂದು ಹೀಟರ್ ಇಟ್ಟಿರ್ತಾರೆ. ಕಂಪ್ರೆಸರ್ ಎಂಟು ಹತ್ತು ಗಂಟೆ ಓಡಿದ್ಮೇಲೆ ಟೈಮರ್ ಅಥವಾ ಪಿಸಿಬಿ ಬೋರ್ಡ್ (ಫ್ರಿಜ್ ನಡೆಸೋ ಎಲೆಕ್ಟ್ರಾನಿಕ್ ಸರ್ಕ್ಯೂಟ್) ಕಂಪ್ರೆಸರ್ ನಿಲ್ಲಿಸಿ ಹೀಟರ್ ಆನ್ ಮಾಡುತ್ತೆ, ಇಪ್ಪತ್ತು ಮೂವತ್ತು ನಿಮಿಷದಲ್ಲಿ ಐಸ್ ಕರಗಿ ನೀರು ಪೈಪ್ ಹಿಡ್ಕೊಂಡು ಹಿಂದೆ ಕಂಪ್ರೆಸರ್ ಮೇಲಿರೋ ತಟ್ಟೆಗೆ ಬೀಳುತ್ತೆ, ಕಂಪ್ರೆಸರ್ ಬಿಸಿಗೆ ಆ ನೀರು ಆವಿಯಾಗಿ ಹೋಗುತ್ತೆ. ದಿನಕ್ಕೆ ಒಂದೆರಡು ಸಲ ಇದು ನಮಗೆ ಗೊತ್ತೇ ಆಗದ ಹಾಗೆ ನಡೀತಿರುತ್ತೆ. ಈ ಸಾಲಲ್ಲಿ ಒಂದು ಪಾರ್ಟ್ ಕೈಕೊಟ್ರೂ ಕಾಯಿಲ್ ಮೇಲೆ ಐಸ್ ದಿನಾ ಸ್ವಲ್ಪ ಸ್ವಲ್ಪ ಬೆಳೀತಾ ಹೋಗುತ್ತೆ. ಒಂದು ವಾರ ಹತ್ತು ದಿನದಲ್ಲಿ ಕಾಯಿಲ್‌ನ ತಗಡಿನ ಸಂದಿಗಳೆಲ್ಲ ಮುಚ್ಚಿ ಒಂದು ಬಿಳಿ ಹಲಗೆ ನಿಲ್ಲಿಸಿದ ಹಾಗಾಗುತ್ತೆ. ಫ್ಯಾನ್ ತಿರುಗುತ್ತೆ ಆದ್ರೆ ಎಳೆಯೋಕೆ ಗಾಳಿ ಇಲ್ಲ. ಫ್ರೀಜರ್ ಆ ಐಸ್ ಹಲಗೆ ಪಕ್ಕದಲ್ಲೇ ಇರೋದ್ರಿಂದ ತಣ್ಣಗೇ ಇರುತ್ತೆ, ದೂರ ಇರೋ ಕೆಳಗಿನ ಭಾಗ ಮೊದಲು ಬಿಸಿ ಆಗುತ್ತೆ. ಹಾಗೇ ಬಿಟ್ರೆ ಇನ್ನೂ ಕೆಲವು ದಿನಕ್ಕೆ ಫ್ರೀಜರ್ ಕೂಡ ಸೋಲುತ್ತೆ, ಆಗ ಎಲ್ರೂ ಗ್ಯಾಸ್ ಗ್ಯಾಸ್ ಅಂತಾರೆ.

ಇನ್ನು ನೀವು ಬರ್ದಿರೋ ಎರಡು ಮಾತು ಮತ್ತೆ ಓದ್ಕೊಳ್ಳಿ. ಗ್ಯಾಸ್ ತುಂಬಿಸೋಕೆ ಅಂತ ಫ್ರಿಜ್ ಎರಡು ದಿನ ಅಂಗಡಿಯಲ್ಲಿತ್ತು, ಬಂದ್ಮೇಲೆ ಒಂಬತ್ತು ದಿನ ಸರಿ. ಒಂದೂವರೆ ದಿನ ಕರೆಂಟ್ ಇರ್ಲಿಲ್ಲ, ಆಮೇಲೆ ಒಂದು ವಾರ ಸರಿ. ಎರಡು ಸಲವೂ ಆಗಿದ್ದು ಒಂದೇ, ಫ್ರಿಜ್ ಆಫ್ ಇತ್ತು, ಒಳಗಿನ ಐಸ್ ಹಲಗೆ ಕರಗಿ ಹೋಯ್ತು, ಗಾಳಿಗೆ ದಾರಿ ಬಿಡ್ತು. ಮರ ಬಿದ್ದು ಕರೆಂಟ್ ಹೋಗಿ ಆದ ರಿಪೇರಿಗೂ 2800 ರೂಪಾಯಿ ಕೊಟ್ಟು ಮಾಡಿಸಿದ ರಿಪೇರಿಗೂ ಬಾಳಿಕೆಯಲ್ಲಿ ಎರಡೇ ದಿನ ವ್ಯತ್ಯಾಸ. ನಿಮ್ಮ ಮೆಕ್ಯಾನಿಕ್ ಮೋಸ ಮಾಡಿದ್ರು ಅಂತ ನಾನು ಹೇಳಲ್ಲ, ಗ್ಯಾಸ್ ತುಂಬಿದ್ಮೇಲೆ ಫ್ರಿಜ್ ಚೆನ್ನಾಗಿ ನಡೀತಲ್ಲ, ಅವರಿಗೂ ಅದೇ ರೋಗ ಅಂತ ಅನ್ಸಿರ್ಬಹುದು. ಆದ್ರೆ ಪ್ಯಾನಲ್ ತೆಗೆದು ಕಾಯಿಲ್ ನೋಡದೇ ಗ್ಯಾಸ್‌ಗೆ ಕೈ ಹಾಕಿದ್ದು ತಪ್ಪು.

ಗ್ಯಾಸ್ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಅಡುಗೆ ಸಿಲಿಂಡರ್ ಥರ ಫ್ರಿಜ್ ಗ್ಯಾಸ್ ಖರ್ಚಾಗಲ್ಲ. ಸೀಲ್ ಮಾಡಿದ ಪೈಪ್ ಒಳಗೆ ಅದೇ ಗ್ಯಾಸ್ ಸುತ್ತುತ್ತಾ ಇರುತ್ತೆ, ಫ್ರಿಜ್ ಇಪ್ಪತ್ತು ವರ್ಷ ನಡೆದ್ರೂ ಅಷ್ಟೇ ಇರ್ಬೇಕು. ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಲೀಕ್ ಇದೆ ಅಂತ ಅರ್ಥ, ಆ ಲೀಕ್ ಎಲ್ಲಿ ಅಂತ ತೋರಿಸಿ, ಮುಚ್ಚಿ, ಆಮೇಲೆ ತುಂಬಬೇಕು. ಯಾರಾದ್ರೂ ಲೀಕ್ ತೋರಿಸದೇ ಬರೀ ಟಾಪ್ ಅಪ್ ಮಾಡ್ತೀನಿ ಅಂದ್ರೆ ಬೇಡ ಅನ್ನಿ. ಈಗಿನ ಹೆಚ್ಚಿನ ಫ್ರಿಜ್‌ಗಳಲ್ಲಿ ಇರೋದು ಆರ್ 600ಎ, ಅಂದ್ರೆ ಐಸೋಬ್ಯೂಟೇನ್, ಅದು ಒಂದು ಫ್ರಿಜ್‌ಗೆ ಐವತ್ತು ಗ್ರಾಂ ಆಸುಪಾಸು ಅಷ್ಟೇ ಬೇಕಾಗೋದು, ತೂಕದ ಯಂತ್ರ ಇಟ್ಟು ತುಂಬಬೇಕು, ಅಂದಾಜಿಗೆ ತುಂಬಿದ್ರೆ ಐದು ಹತ್ತು ಗ್ರಾಂ ಹೆಚ್ಚಾದ್ರೂ ಫ್ರಿಜ್‌ಗೆ ಕಷ್ಟ. ಮತ್ತೆ ಅದು ಬೆಂಕಿ ಹಿಡಿಯೋ ಗ್ಯಾಸ್, ಇದು ನೆನಪಿರ್ಲಿ, ಮುಂದೆ ಇದರ ವಿಷಯ ಮತ್ತೆ ಬರುತ್ತೆ.

ಸರಿ, ಈಗ ಮನೇಲಿ ನೀವೇ ಏನು ಮಾಡ್ಬಹುದು.

ಫ್ರಿಜ್ ಆಫ್ ಮಾಡೋಕೆ ಮುಂಚೆ ಫ್ಯಾನ್ ಒಂದ್ಸಲ ನೋಡಿ, ಯಾಕಂದ್ರೆ ಫ್ಯಾನ್ ಕೆಟ್ಟಿದ್ರೂ ಇದೇ ಲಕ್ಷಣ ಬರುತ್ತೆ. ಬಹಳ ಮಾಡೆಲ್‌ಗಳಲ್ಲಿ ಫ್ರೀಜರ್ ಬಾಗಿಲು ತೆಗೆದ ತಕ್ಷಣ ಫ್ಯಾನ್ ನಿಲ್ಲುತ್ತೆ, ಅದಕ್ಕೆ ಬಾಗಿಲು ಚೌಕಟ್ಟಿನಲ್ಲಿ ಇರೋ ಚಿಕ್ಕ ಸ್ವಿಚ್ಚನ್ನ ಬೆರಳಲ್ಲಿ ಒತ್ತಿ ಹಿಡ್ಕೊಂಡು ಕಿವಿ ಕೊಡಿ. ಸಣ್ಣಗೆ ಗುಂಯ್ ಅನ್ನೋ ಸದ್ದು ಬರ್ಬೇಕು. ಒಂದು ತೆಳು ಪೇಪರ್ ಚೂರನ್ನ ಫ್ರೀಜರ್ ಹಿಂಭಾಗದ ಗಾಳಿ ಕಿಂಡಿ ಮುಂದೆ ಹಿಡೀರಿ, ಫ್ಯಾನ್ ಚೆನ್ನಾಗಿದ್ದು ಕಾಯಿಲ್ ಕ್ಲೀನ್ ಇದ್ರೆ ಪೇಪರ್ ಪಟಪಟ ಅಲ್ಲಾಡುತ್ತೆ, ಐಸ್ ಕಟ್ಟಿದ್ರೆ ಸದ್ದು ಇರುತ್ತೆ ಪೇಪರ್ ಅಲ್ಲಾಡೋದು ಕಮ್ಮಿ. ಕೆಲವ್ರು ಊದುಬತ್ತಿ ಹೊಗೆ ಹಿಡಿದು ನೋಡ್ತಾರೆ, ಈಗಷ್ಟೇ ಹೇಳಿದ್ನಲ್ಲ ಬೆಂಕಿ ಹಿಡಿಯೋ ಗ್ಯಾಸ್ ಅಂತ, ಹಾಗಾಗಿ ಫ್ರಿಜ್ ಒಳಗೆ ಕೆಂಡ, ಕಡ್ಡಿ ಯಾವ್ದೂ ಬೇಡ. ಸದ್ದೇ ಬರ್ಲಿಲ್ಲ ಅಂದ್ರೆ ಅರ್ಧ ಗಂಟೆ ಬಿಟ್ಟು ಇನ್ನೊಂದ್ಸಲ ನೋಡಿ, ನೀವು ನೋಡಿದ ಹೊತ್ತಿಗೇ ಡಿಫ್ರಾಸ್ಟ್, ಅಂದ್ರೆ ಹೀಟರ್ ಐಸ್ ಕರಗಿಸೋ ಕೆಲ್ಸ, ನಡೀತಿದ್ರೆ ಫ್ಯಾನ್ ನಿಂತಿರುತ್ತೆ. ಟಕ್ ಟಕ್ ಅಂತ ಏನೋ ಬಡಿಯೋ ಸದ್ದು ಬಂದ್ರೆ ಫ್ಯಾನ್ ರೆಕ್ಕೆಗೆ ಐಸ್ ತಾಗ್ತಿದೆ ಅಂತ, ಅಂದ್ರೆ ಐಸ್ ಆಗ್ಲೇ ಮೇಲಿನ ತನಕ ಬೆಳೆದಿದೆ.

ಜೊತೆಗೆ ಇನ್ನೆರಡು ಸಣ್ಣ ವಿಷಯ ನೋಡ್ಬಿಡಿ. ಒಂದು, ಕೆಳಗಿನ ಲೈಟ್ ಬಾಗಿಲು ಹಾಕಿದಾಗ ಆರುತ್ತಾ. ಮೊಬೈಲ್‌ನಲ್ಲಿ ವಿಡಿಯೋ ಆನ್ ಮಾಡಿ ಒಳಗೆ ಇಟ್ಟು ಬಾಗಿಲು ಹಾಕಿ ಹತ್ತು ಸೆಕೆಂಡ್ ಬಿಟ್ಟು ತೆಗೆದು ನೋಡಿದ್ರೆ ಗೊತ್ತಾಗುತ್ತೆ. ಹಳೇ ಥರದ ಬಲ್ಬ್ ಇರೋ ಫ್ರಿಜ್ಜಲ್ಲಿ ಲೈಟ್ ಆರದೇ ಇದ್ರೆ ಆ ಒಂದು ಬಲ್ಬಿನ ಬಿಸಿ ಸಾಕು ಕೆಳಗೆ ಬೆಚ್ಚಗಾಗೋಕೆ. ಎರಡು, ಬಾಗಿಲಿನ ರಬ್ಬರ್. ಒಂದು ಪೇಪರ್ ಸಿಕ್ಕಿಸಿ ಬಾಗಿಲು ಹಾಕಿ ಎಳೀರಿ, ಸಲೀಸಾಗಿ ಜಾರಿ ಬಂದ್ರೆ ಆ ಜಾಗದಲ್ಲಿ ಗಾಳಿ ನುಗ್ತಿದೆ. ನಾಲ್ಕೂ ಸುತ್ತ ಹೀಗೆ ನೋಡಿ, ಹಿಂಜ್ ಇರೋ ಕಡೆ ಮರೀಬೇಡಿ. ನಿಮ್ಮ ಕಡೆ ಮಳೆಗಾಲದಲ್ಲಿ ಗೋಡೆ, ಬಟ್ಟೆ, ಉಪ್ಪು ಎಲ್ಲ ನೀರು ಬಿಡುತ್ತೆ, ಅಂಥಾ ಗಾಳಿ ರಬ್ಬರ್ ಸಂದಿಯಿಂದ ಹಗಲು ರಾತ್ರಿ ಒಳಗೆ ಹೋಗ್ತಿದ್ರೆ ಹೀಟರ್ ಸರಿ ಇದ್ರೂ ಕರಗಿಸಿ ಮುಗಿಸೋಕೆ ಆಗಲ್ಲ. ಆದ್ರೆ ರಬ್ಬರ್ ತೊಂದ್ರೆ ಇದ್ರೆ ಫ್ರೀಜರ್ ಒಳಗೂ, ಬಾಗಿಲ ಹತ್ರ, ಪ್ಯಾಕೆಟ್‌ಗಳ ಮೇಲೆ ಪುಡಿ ಪುಡಿ ಐಸ್ ಕಾಣುತ್ತೆ. ಹೀಟರ್ ಕಡೆ ತೊಂದ್ರೆ ಇದ್ರೆ ಫ್ರೀಜರ್ ಒಳಗೆ ಕ್ಲೀನಾಗೇ ಇರುತ್ತೆ, ಐಸ್ ಎಲ್ಲ ಪ್ಯಾನಲ್ ಹಿಂದೆ. ಹೆಚ್ಚೆಂದ್ರೆ ಪ್ಯಾನಲ್ ಮೇಲೆ ಒಂದು ಕಡೆ ಬಿಳಿ ಪೊರೆ ಕಾಣ್ಬಹುದು.

ಇದಾದ್ಮೇಲೆ ಪ್ಲಗ್ ತೆಗೆದು ಪೂರ್ತಿ 24 ಗಂಟೆ ಎರಡೂ ಬಾಗಿಲು ತೆಗೆದಿಡಿ. ನಾಲ್ಕು ಗಂಟೆ ಆರು ಗಂಟೆ ಸಾಕಾಗಲ್ಲ, ಮುಂದೆ ಎಲ್ಲ ಕರಗಿದ ಹಾಗೆ ಕಂಡ್ರೂ ಕಾಯಿಲ್ ಒಳಗಡೆ ಗಟ್ಟಿ ಉಳಿದಿರುತ್ತೆ, ನಿಮ್ಮ ಕಡೆ ತಂಪು ಹವಾಕ್ಕಂತೂ ಇನ್ನೂ ನಿಧಾನ. ಬಾಗಿಲು ತಾನಾಗೇ ಮುಚ್ಚದ ಹಾಗೆ ಒಂದು ಬಟ್ಟೆ ಮಡಚಿ ಸಿಕ್ಸಿ, ಕೆಳಗೆ ಹಳೇ ಪಂಚೆ ಗೋಣಿಚೀಲ ಹಾಸಿ, ಹಿಂದಿನ ತಟ್ಟೆ ತುಂಬಿ ಚೆಲ್ಲುತ್ತೆ, ಮಧ್ಯ ಎದ್ದು ಒಂದೆರಡು ಸಲ ನೋಡಿ. ದಯವಿಟ್ಟು ಚಾಕು, ಸ್ಕ್ರೂ ಡ್ರೈವರ್ ಹಾಕಿ ಐಸ್ ಕೀಳೋಕೆ ಹೋಗ್ಬೇಡಿ. ಕಾಯಿಲ್ ಪೈಪ್ ಅಲ್ಯೂಮಿನಿಯಂ, ಬಹಳ ತೆಳು. ನಾನು ಕೆಲ್ಸ ಕಲಿಯೋ ಕಾಲದಲ್ಲಿ ಒಂದು ಮನೇಲಿ ಅವಸರಕ್ಕೆ ಸ್ಕ್ರೂ ಡ್ರೈವರ್‌ನಿಂದ ಐಸ್ ಎಬ್ಬಿಸೋಕೆ ಹೋದೆ, ಸುಂಯ್ ಅಂತ ಒಂದು ಸದ್ದು ಬಂತು, ಅಷ್ಟೇ, ಇದ್ದಬದ್ದ ಗ್ಯಾಸ್ ಎಲ್ಲ ಹೋಯ್ತು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಇನ್ನೂರು ಮುನ್ನೂರು ರೂಪಾಯಿ ಪಾರ್ಟ್‌ನಲ್ಲಿ ಮುಗಿಯೋ ಕೆಲ್ಸಕ್ಕೆ ಕಾಯಿಲ್ಲೇ ಬದಲಾಯಿಸ್ಬೇಕಾಯ್ತು, ಆ ಮನೆ ಯಜಮಾನ್ರು ಒಂದು ಮಾತೂ ಬೈಲಿಲ್ಲ, ಅದೇ ಇನ್ನೂ ನೋವಾಯ್ತು. ಇನ್ನು ಆರ್ 600ಎ ಇರೋ ಫ್ರಿಜ್ಜಲ್ಲಿ ಹಾಗೆ ತೂತಾದ್ರೆ ಬರೀ ದುಡ್ಡಿನ ಮಾತಲ್ಲ, ಅಪಾಯ. ತಾನಾಗೇ ಕರಗೋಕೆ ಬಿಡಿ.

24 ಗಂಟೆ ಆದ್ಮೇಲೆ ಒರೆಸಿ ಆನ್ ಮಾಡಿ. ಒಂದು ಲೋಟ ನೀರಲ್ಲಿ ಥರ್ಮಾಮೀಟರ್ ಮುಳುಗಿಸಿ ಮಧ್ಯದ ಶೆಲ್ಫ್‌ನಲ್ಲಿಡಿ, ಜ್ವರ ನೋಡೋದಲ್ಲ, ಫ್ರಿಜ್‌ದೇ ಸಿಗುತ್ತೆ ಕಮ್ಮಿ ದುಡ್ಡಿಗೆ. ಬರೀ ಗಾಳಿಗೆ ಇಟ್ರೆ ಬಾಗಿಲು ತೆಗೆದ ತಕ್ಷಣ ಏರುತ್ತೆ, ನೀರಲ್ಲಿದ್ರೆ ನಿಜ ಹೇಳುತ್ತೆ. ಮಾರನೇ ದಿನ ಬೆಳಿಗ್ಗೆ 3ರಿಂದ 5 ಡಿಗ್ರಿ ತೋರಿಸ್ಬೇಕು. ತೋರಿಸಿದ್ರೆ ನಿಮ್ಮ ಕಂಪ್ರೆಸರ್, ಗ್ಯಾಸ್, ಫ್ಯಾನ್ ಮೂರೂ ಆರೋಗ್ಯವಾಗಿದೆ ಅಂತ ಅಲ್ಲೇ ತೀರ್ಮಾನ ಆಯ್ತು, ಕಂಪ್ರೆಸರ್ ಹಾಕ್ಸಿ ಅಂದವರಿಗೆ ಅದನ್ನೇ ತೋರಿಸಿ. ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಆನ್ ಮಾಡಿದ ತಾರೀಖು ಬರೀರಿ, ದಿನಾ ಬೆಳಿಗ್ಗೆ ಹಾಲು ತೆಗೆಯೋಕೆ ಹೋದಾಗ ಡಿಗ್ರಿ ಬರ್ಕೊಳ್ಳಿ. 4, 4, 5, 5, 7, 10 ಅಂತ ಮೆಲ್ಲಗೆ ಏರ್ತಾ ಹೋದ್ರೆ ಡಿಫ್ರಾಸ್ಟ್ ಆಗ್ತಿಲ್ಲ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಆನ್ ಮಾಡಿ ಒಂದು ದಿನ ಆದ್ರೂ ಕೆಳಗೆ ತಂಪೇ ಬರ್ಲಿಲ್ಲ ಅಂದ್ರೆ ಬೇರೆ ವಿಷಯ, ಆಗ ಫ್ಯಾನ್ ಅಥವಾ ಕೆಳಗೆ ಗಾಳಿ ಬಿಡೋ ಡ್ಯಾಂಪರ್ ಬಾಗಿಲು ನೋಡ್ಬೇಕು. ನಿಮ್ಮದು ಎರಡು ಸಲ ವಾರಗಟ್ಟಲೆ ಸರಿಹೋಗಿರೋದ್ರಿಂದ ಡಿಫ್ರಾಸ್ಟ್ ಆಗದ ತೊಂದ್ರೆನೇ ಅಂತ ನನ್ನ ಲೆಕ್ಕ.

ಇನ್ನು ಮುಂದಿನ ಕೆಲ್ಸ ಟೆಕ್ನಿಷಿಯನ್‌ದು, ನೀವು ಮಾಡೋಕೆ ಹೋಗ್ಬೇಡಿ, ಆದ್ರೆ ಪಕ್ಕದಲ್ಲಿ ನಿಂತು ನೋಡಿ. ಇಲ್ಲೊಂದು ಗುಟ್ಟಿದೆ, ಅವರನ್ನ ಕರೆಸೋದು ಫ್ರಿಜ್ ಕರಗಿಸಿದ ಮಾರನೇ ದಿನ ಅಲ್ಲ, ಮತ್ತೆ ಕೆಳಗೆ ಬಿಸಿ ಆಗೋಕೆ ಶುರುವಾದ್ಮೇಲೆ, ಐಸ್ ಕಟ್ಟಿರುವಾಗ. ಆಗ ಪ್ಯಾನಲ್ ಬಿಚ್ಚಿದ್ರೆ ಕಾಯಿಲ್ ತಾನೇ ಕಥೆ ಹೇಳುತ್ತೆ. ನನಗೆ ಕೆಲ್ಸ ಕಲಿಸಿದವರು ಗ್ಯಾಸ್ ಒತ್ತಡ ನೋಡೋ ಗೇಜ್ ಮುಟ್ಟೋಕೆ ಮುಂಚೆ ಐಸ್ ಓದು ಅಂತಿದ್ರು. ಆರೋಗ್ಯವಾಗಿರೋ ಕಾಯಿಲ್ ಮೇಲೆ ಮೇಲಿಂದ ಕೆಳಗಿನ ತನಕ ಎಲ್ಲಾ ಸುತ್ತಿಗೂ ಸಮನಾಗಿ, ಸಕ್ಕರೆ ಪುಡಿ ಉದುರಿಸಿದ ಹಾಗೆ ತೆಳ್ಳಗೆ ಐಸ್ ಇರುತ್ತೆ, ತಗಡಿನ ಗೆರೆಗಳು ಒಂದೊಂದೂ ಬಿಡಿಬಿಡಿ ಕಾಣುತ್ತೆ. ಡಿಫ್ರಾಸ್ಟ್ ಕೆಟ್ಟಿದ್ರೆ ತಗಡೇ ಕಾಣಲ್ಲ, ಗಟ್ಟಿ ಬಿಳಿ ಗೋಡೆ, ಅದರಲ್ಲೂ ಬುಡದಲ್ಲಿ ದಪ್ಪ, ಯಾಕಂದ್ರೆ ಕೆಳಗಿನ ತೇವದ ಗಾಳಿ ಮೊದಲು ತಾಗೋದು ಅಲ್ಲೇ. ನಿಜವಾಗ್ಲೂ ಗ್ಯಾಸ್ ಕಮ್ಮಿ ಇದ್ರೆ ಮೊದಲ ಒಂದೆರಡು ಸುತ್ತಿಗೆ ಮಾತ್ರ ಐಸ್ ಕೂತು ಉಳಿದ ಕಾಯಿಲ್ ಪೂರಾ ಬರಿ ಮೈಯಲ್ಲಿರುತ್ತೆ. ಈ ಮೂರು ಚಿತ್ರ ತಲೇಲಿಟ್ಕೊಂಡ್ರೆ ನಿಮ್ಮನ್ನ ಯಾರೂ ಗ್ಯಾಸ್ ಹೆಸರಲ್ಲಿ ದಾರಿ ತಪ್ಪಿಸೋಕಾಗಲ್ಲ.

ಗೋಡೆ ಕಂಡ್ರೆ ಆಮೇಲೆ ಮೂರು ಪಾರ್ಟ್ ಮೀಟರ್ ಹಿಡಿದು ನೋಡ್ಬೇಕು. ಹೀಟರ್, ಅದು ಮಾಡೆಲ್ ಮೇಲೆ 150ರಿಂದ 200 ವ್ಯಾಟ್ ಆಸುಪಾಸು ಇದ್ರೆ ಮೀಟರ್‌ನಲ್ಲಿ ಸುಮಾರು 260ರಿಂದ 350 ಓಮ್ ತೋರಿಸುತ್ತೆ, ಏನೂ ತೋರಿಸ್ಲಿಲ್ಲ ಅಂದ್ರೆ ಒಳಗೆ ತಂತಿ ಕಟ್ ಆಗಿದೆ. ಥರ್ಮಲ್ ಫ್ಯೂಸ್, ಅದು ಯಾವಾಗ್ಲೂ ಕನೆಕ್ಷನ್ ತೋರಿಸ್ಬೇಕು, ಹೆಚ್ಚು ಬಿಸಿ ಆದಾಗ ಒಂದೇ ಸಲ ಹೋಗೋದು, ಹೋದ್ರೆ ಬದಲಾಯಿಸ್ಬೇಕು. ಆಮೇಲೆ ಬೈಮೆಟಲ್, ಇಲ್ಲಿ ಬಹಳ ಜನ ತಪ್ತಾರೆ. ಬೈಮೆಟಲ್ ತಣ್ಣಗಿದ್ದಾಗ ಮಾತ್ರ ಕನೆಕ್ಟ್ ಆಗೋ ಪಾರ್ಟ್, ಐಸ್ ಕರಗಿ ಬಿಸಿ ಏರಿದ ಮೇಲೆ ತಾನೇ ಬಿಟ್ಕೊಂಡು ಹೀಟರ್ ನಿಲ್ಲಿಸೋದೇ ಅದರ ಕೆಲ್ಸ. ಅದನ್ನ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ಮೀಟರ್ ಇಟ್ರೆ ಒಳ್ಳೇ ಬೈಮೆಟಲ್ ಕೂಡ ಹೋಗಿದೆ ಅಂತ್ಲೇ ತೋರಿಸುತ್ತೆ. ಐಸ್ ಜೊತೆ ಕಲ್ಲುಪ್ಪು ಕಲಸಿ ಅದರಲ್ಲಿ ಹತ್ತು ನಿಮಿಷ ಇಟ್ಟು ಆಮೇಲೆ ನೋಡ್ಬೇಕು, ಬರೀ ಐಸ್ ಸಾಕಾಗಲ್ಲ, ಬಹಳ ಬೈಮೆಟಲ್‌ಗಳು ಸೊನ್ನೆಗಿಂತ ಕೆಳಗೆ ಹೋದ್ಮೇಲೇ ಕೂಡ್ಕೊಳ್ಳೋದು. ಮೂರೂ ಸರಿ ಇದ್ರೆ ಟೈಮರ್, ಅಥವಾ ಬೋರ್ಡ್ ಇರೋ ಮಾಡೆಲ್ ಆದ್ರೆ ಸೆನ್ಸರ್ ಮತ್ತೆ ಬೋರ್ಡ್. ಟೈಮರ್ ಇದ್ರೆ ಪರೀಕ್ಷೆ ಸುಲಭ, ಅದರ ಮಧ್ಯದ ಕಡ್ಡಿನ ಸ್ಕ್ರೂ ಡ್ರೈವರ್‌ನಿಂದ ಮೆಲ್ಲಗೆ ತಿರುಗಿಸಿದ್ರೆ ಒಂದು ಕಡೆ ಟಕ್ ಅಂದು ಕಂಪ್ರೆಸರ್ ನಿಲ್ಲುತ್ತೆ, ಐದು ನಿಮಿಷದಲ್ಲಿ ಕಾಯಿಲ್ ಕೆಳಗಿಂದ ಬಿಸಿ ಬರೋಕೆ ಶುರುವಾಗಿ ನೀರಿನ ಹನಿ ಚುಂಯ್ ಅನ್ನೋದು ಕೇಳುತ್ತೆ.

ಒಂದು ಮಾತು ಕೈಮುಗಿದು ಹೇಳ್ತೀನಿ. ಫ್ಯೂಸ್ ಹೋಗಿದೆ, ಪಾರ್ಟ್ ಸಿಗ್ತಿಲ್ಲ, ಎರಡು ವೈರ್ ಸೇರಿಸಿ ಡೈರೆಕ್ಟ್ ಮಾಡ್ಕೊಡ್ತೀನಿ ಅಂತ ಯಾರಾದ್ರೂ ಅಂದ್ರೆ ಒಪ್ಕೋಬೇಡಿ. ಆ ಹೀಟರ್‌ನ ಸುತ್ತ ಇರೋದು ಪ್ಲಾಸ್ಟಿಕ್, ಥರ್ಮಾಕೋಲ್. ರಾತ್ರಿ ಎಲ್ರೂ ಮಲಗಿದಾಗ ಬೈಮೆಟಲ್ ಅಂಟ್ಕೊಂಡು ಹೀಟರ್ ನಿಲ್ಲದೇ ಹೋದ್ರೆ ತಡೆಯೋದು ಆ ಚಿಕ್ಕ ಫ್ಯೂಸ್ ಒಂದೇ. ಪಾರ್ಟ್ ಬರೋ ತನಕ ನಾಲ್ಕು ದಿನ ಫ್ರಿಜ್ ಇಲ್ಲದೇ ಇರಿ, ಪರ್ವಾಗಿಲ್ಲ.

ಇನ್ನು ನೀವಿರೋ ಜಾಗಕ್ಕೆ ಸೇರಿದ ಒಂದು ವಿಷಯ, ಇದನ್ನ ಪೇಟೆ ಟೆಕ್ನಿಷಿಯನ್‌ಗಳು ಎಷ್ಟೋ ಸಲ ಯೋಚ್ನೆ ಮಾಡಲ್ಲ. ಸಂಜೆ ಹೊತ್ತು ನಿಮ್ಮಲ್ಲಿ ವೋಲ್ಟೇಜ್ ಎಷ್ಟಿರುತ್ತೆ? ಸ್ಟೆಬಿಲೈಸರ್ ಇದ್ರೆ ಅದರ ಮೇಲೆ ನೋಡಿ. ಹೀಟರ್ ಶಕ್ತಿ ವೋಲ್ಟೇಜ್ ಇಳಿದಷ್ಟೇ ಇಳಿಯಲ್ಲ, ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತೆ. 230 ವೋಲ್ಟ್‌ಗೆ 160 ವ್ಯಾಟ್ ಕೊಡೋ ಹೀಟರ್ 170 ವೋಲ್ಟ್ ಬಂದ್ರೆ ಕೊಡೋದು 87 ವ್ಯಾಟ್, ಹತ್ತಿರ ಹತ್ತಿರ ಅರ್ಧ. ಟೈಮರ್ ಮಾತ್ರ ತನ್ನ ಇಪ್ಪತ್ತು ಮೂವತ್ತು ನಿಮಿಷ ಮುಗಿದ ತಕ್ಷಣ ಮತ್ತೆ ಕಂಪ್ರೆಸರ್ ಆನ್ ಮಾಡಿಬಿಡುತ್ತೆ, ಅರ್ಧ ಕರಗಿದ ಐಸ್ ಇನ್ನೂ ಗಟ್ಟಿಯಾಗಿ ಹೆಪ್ಪುಗಟ್ಟುತ್ತೆ. ಪಾರ್ಟ್ ಎಲ್ಲ ಸರಿ ಇದ್ದೂ ಮಳೆಗಾಲದಲ್ಲಿ ಮಾತ್ರ ಕಾಟ ಕೊಡೋ ಫ್ರಿಜ್‌ಗಳು ನಾನು ಹಳ್ಳಿಗಳಲ್ಲಿ ನೋಡಿದೀನಿ, ಒಳ್ಳೇ ಸ್ಟೆಬಿಲೈಸರ್ ಹಾಕಿದ್ಮೇಲೆ ಸುಮ್ಮನಾಗಿವೆ. ಹಾಗಾಗಿ ಮೂರು ಪಾರ್ಟೂ ಸರಿ ಇದೆ ಅಂತ ಬಂದ್ರೆ ಬೋರ್ಡ್ ಬದಲಾಯಿಸೋಕೆ ಮುಂಚೆ ಸಂಜೆ ಏಳರಿಂದ ಹತ್ತರವರೆಗೆ ವೋಲ್ಟೇಜ್ ಬರ್ದಿಟ್ಕೊಳ್ಳಿ.

ಡ್ರೈನ್ ಪೈಪ್ ಕೂಡ ನೋಡಿಸಿ. ಕಾಯಿಲ್ ಬುಡದಲ್ಲಿ ಒಂದು ತೂತಿರುತ್ತೆ, ಅದಕ್ಕೆ ಕಸ ಸೇರಿ ಮುಚ್ಕೊಂಡ್ರೆ ಕರಗಿದ ನೀರು ಹೋಗೋಕೆ ದಾರಿ ಇಲ್ಲದೇ ಅಲ್ಲೇ ನಿಂತು ಮತ್ತೆ ಐಸ್ ಆಗುತ್ತೆ, ತರಕಾರಿ ಡಬ್ಬಿ ಕೆಳಗೆ ನೀರು ನಿಲ್ಲೋದೂ ಸಾಮಾನ್ಯವಾಗಿ ಇದರಿಂದಲೇ. ಪ್ಯಾನಲ್ ಬಿಚ್ಚಿದಾಗ ಒಂದು ಲೋಟ ಉಗುರು ಬೆಚ್ಚಗಿನ ನೀರು ಹಾಕಿ ಹಿಂದಿನ ತಟ್ಟೆಗೆ ಬೀಳುತ್ತಾ ಅಂತ ನೋಡಿದ್ರೆ ಮುಗೀತು.

ಇದೇ ತೊಂದ್ರೆ ಇರೋ ಬೇರೆಯವರೂ ಓದ್ತಿರ್ತಾರೆ, ಅವರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಎರಡು ನಾಬ್ ಇರೋ ಹಲವು ಮಾಡೆಲ್‌ಗಳಲ್ಲಿ ಫ್ರೀಜರ್ ಒಳಗಿನ ನಾಬ್ ಅಂದ್ರೆ ಗಾಳಿ ಹಂಚೋ ಬಾಗಿಲು ಅಷ್ಟೇ, ಅದನ್ನ ಪೂರ್ತಿ ಜಾಸ್ತಿಗೆ ತಿರುಗಿಸಿದ್ರೆ ಮೇಲೆ ಹೆಚ್ಚು ತಂಪಾಗಿ ಕೆಳಗೆ ಕಮ್ಮಿ ಆಗುತ್ತೆ. ಮಗು ತಿರುಗಿಸಿರುತ್ತೆ, ಮನೆಯವರು ಹದಿನೈದು ದಿನ ಒದ್ದಾಡಿರ್ತಾರೆ. ಮಧ್ಯಕ್ಕೆ ಇಟ್ಟು ಒಂದು ದಿನ ಬಿಟ್ಟು ನೋಡಿ. ಕನ್ವರ್ಟಿಬಲ್ ಫ್ರಿಜ್, ಅಂದ್ರೆ ಫ್ರೀಜರನ್ನ ಫ್ರಿಜ್ ಥರ ಬಳಸೋ ಹಾಗೆ ಮೋಡ್ ಬದಲಾಯಿಸೋದು, ಆದ್ರೆ ಕೆಳಭಾಗ ಆಫ್ ಮಾಡೋ ಮೋಡ್ ಏನಾದ್ರೂ ಒತ್ತಿಹೋಗಿದ್ಯಾ ನೋಡಿ. ಗಾಳಿ ಕಿಂಡಿಗೆ ಅಡ್ಡ ದೊಡ್ಡ ಸಾರಿನ ಪಾತ್ರೆ, ಸೊಪ್ಪಿನ ಪ್ಲಾಸ್ಟಿಕ್ ಕವರ್ ಒತ್ತಿ ಇಟ್ಟಿದ್ರೆ ತೆಗೀರಿ, ಫ್ರೀಜರ್‌ನಲ್ಲೂ ಹಾಗೇ, ತೆಂಗಿನತುರಿ ಮೀನು ಬಟಾಣಿ ಅಂತ ಹಿಂದಿನ ಗೋಡೆಗೆ ಒತ್ತಿ ತುಂಬಬೇಡಿ. ಸಿಂಗಲ್ ಡೋರ್ ಫ್ರಿಜ್ ಆದ್ರೆ ಈ ಫ್ಯಾನ್ ಹೀಟರ್ ಕಥೆಯೇ ಇಲ್ಲ, ಫ್ರೀಜರ್ ಡಬ್ಬಿ ಸುತ್ತ ಐಸ್ ದಪ್ಪ ಆಗಿದ್ರೆ ಥರ್ಮೋಸ್ಟಾಟ್ ಮಧ್ಯದ ಡಿಫ್ರಾಸ್ಟ್ ಬಟನ್ ಒತ್ತಿ ಕರಗಿಸಿ, ಫ್ರೀಜರ್ ಕೆಳಗಿನ ಟ್ರೇ ಸರಿಯಾಗಿ ಕೂತಿದ್ಯಾ ನೋಡಿ. ಕರಗಿಸಿದ್ಮೇಲೂ ಫ್ರೀಜರ್‌ನ ಒಂದು ಮೂಲೆಗೆ ಮಾತ್ರ ಐಸ್ ಕಟ್ತಿದ್ರೆ ಅಲ್ಲಿ ಗ್ಯಾಸ್ ಲೀಕ್ ಅನುಮಾನ ಪಡೋದ್ರಲ್ಲಿ ಅರ್ಥ ಇದೆ.

ಅಕ್ಕಾ, ನಿಮ್ಮ ವಿಷಯದಲ್ಲಿ ಇನ್ನೊಂದು ಬಾಕಿ ಇದೆ. ಲೀಕ್ ಇಲ್ಲದ ಫ್ರಿಜ್‌ಗೆ ಗ್ಯಾಸ್ ತುಂಬಿದಾರೆ, ಹೆಚ್ಚಾಗಿರ್ಬಹುದು. ಫ್ರಿಜ್ ಓಡ್ತಿರುವಾಗ ಹಿಂದೆ ಕಂಪ್ರೆಸರ್‌ಗೆ ವಾಪಸ್ ಬರೋ ದಪ್ಪ ಪೈಪ್ ಮೇಲೆ ಐಸ್ ಅಥವಾ ಧಾರಾಕಾರ ಬೆವರು ಕಾಣ್ತಿದ್ಯಾ ನೋಡಿ, ಮುಟ್ಟೋದು ಬೇಡ, ಕಂಡ್ರೆ ಟೆಕ್ನಿಷಿಯನ್‌ಗೆ ಮೊದಲೇ ತಿಳಿಸಿ. ಮಳೆಗಾಲದಲ್ಲಿ ಸ್ವಲ್ಪ ಬೆವರೋದು ಮಾಮೂಲಿ, ಐಸ್ ಕೂರೋದು ಮಾಮೂಲಿ ಅಲ್ಲ. ಮತ್ತೆ ವಾರಂಟಿ ಕಾರ್ಡ್ ಹುಡುಕಿ ಇಟ್ಕೊಳ್ಳಿ, ಬಹಳ ಕಂಪನಿಗಳು ಕಂಪ್ರೆಸರ್‌ಗೆ ಹತ್ತು ವರ್ಷ ಕೊಡ್ತಾರೆ, ನಿಮ್ಮದು ಏಳನೇ ವರ್ಷ. ಮುಂದೊಂದು ದಿನ ನಿಜವಾಗ್ಲೂ ಕಂಪ್ರೆಸರ್ ಹೋದ್ರೆ ಆ ಕಾರ್ಡ್ ಬೇಕಾಗುತ್ತೆ, ಹೊರಗಿನವರು ಪೈಪ್ ಕತ್ತರಿಸಿ ಗ್ಯಾಸ್ ತುಂಬಿರೋದ್ರಿಂದ ಕಂಪನಿಯವರು ತಕರಾರು ತೆಗೀಬಹುದು, ಅದಕ್ಕೇ ಆ 2800 ರೂಪಾಯಿ ಬಿಲ್ ಇದ್ರೆ ಅದನ್ನೂ ಎಸೀಬೇಡಿ.

ಇವತ್ತು ರಾತ್ರಿ ಫ್ರಿಜ್ ಖಾಲಿ ಮಾಡಿ, ಹಾಲು ಕಾಯಿಸಿಟ್ಕೊಳ್ಳಿ, ಹಿಟ್ಟಿಗೆ ದೋಸೆ ಮಾಡಿ ಮುಗಿಸಿ, ಪ್ಲಗ್ ತೆಗೀರಿ. ಆಮೇಲೆ ಆ ಚೀಟಿ ಮೇಲಿನ ಡಿಗ್ರಿ ಲೆಕ್ಕ, ಪ್ಯಾನಲ್ ಬಿಚ್ಚಿದಾಗ ಕಾಯಿಲ್‌ನ ಒಂದು ಫೋಟೋ, ಸಂಜೆ ವೋಲ್ಟೇಜ್ ಎಷ್ಟು ಅನ್ನೋದು, ಈ ಮೂರನ್ನ ನನಗೆ ಕಳಿಸಿ. ಯಾವ ಪಾರ್ಟ್ ಅಂತ ಅಲ್ಲಿಂದ ಹೇಳ್ತೀನಿ.